ಹುತುತು: ಆಡಿದವರು, ಬರೆದವರು

ನಮ್ಮ ಭಾಗದಲ್ಲಿ ಎಲ್ಲಿಯೇ ಕಬಡ್ಡಿ ಪಂದ್ಯಾವಳಿಯ ಉದ್ಘಾಟನೆಯಾಗಲಿ, ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಅತಿಥಿಗಳಾಗಿ ಬಂದವರು ಹಾರ ತುರಾಯಿಗಳನ್ನು ಸ್ವೀಕರಿಸಿ, ಧ್ವನಿವರ್ಧಕದ ಮುಂದೆ ನಿಂತು, ಈ ಆಟ ಮಹಾಭಾರತದ ಕಾಲದ್ದೆಂದೂ ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕುದೇ ಮೊದಲನೆಯ ಕಬಡ್ಡಿಯೆಂದೂ ಸಾರುತ್ತಾರೆ. ಏಳು ಜನರ ನಡುವೆ ಒಬ್ಬನೇ ನುಗ್ಗುವ ಆಟಗಾರನನ್ನು ಕಂಡಾಗ ಆ ಹೋಲಿಕೆ ಹೊಳೆಯುವುದು ಸಹಜವೇ. ರೋಣದವರಾದ ನಮಗಂತೂ ಈ ಮಾತಿನಿಂದ ವಿಶೇಷ ಲಾಭವಿದೆ. ರೋಣವೆಂಬ ಹೆಸರು ದ್ರೋಣಪುರದಿಂದ ಬಂದುದು, ದ್ರೋಣಾಚಾರ್ಯರ ಸಂಬಂಧ ಈ ನೆಲಕ್ಕುಂಟು ಎಂದು ಇಲ್ಲಿಯ ಹಿರಿಯರು ಹೇಳುತ್ತ ಬಂದಿದ್ದಾರೆ. ಚಕ್ರವ್ಯೂಹವನ್ನು ರಚಿಸಿದಾತನೂ ದ್ರೋಣನೇ. ಅಂದಮೇಲೆ ಕಬಡ್ಡಿಯ ಅಂಗಳಕ್ಕೆ ಮೊದಲ ಗೆರೆ ಎಳೆದವನು ನಮ್ಮೂರವನೇ ಎಂದು ವಾದಿಸಿ ಗೆದ್ದುಬಿಡಬಹುದು!

ಆದರೆ ಹುತುತು ಆಡಿ ಮೊಣಕಾಲು ತರಚಿಕೊಂಡ ಯಾವ ಹುಡುಗನೂ ಈ ವಾದವನ್ನು ಒಪ್ಪಲಾರ. ಒಳಹೊಕ್ಕು ಎದುರಾಳಿಯನ್ನು ಮುಟ್ಟುವುದು ಈ ಆಟದಲ್ಲಿ ಅರ್ಧ ಕೆಲಸ ಮಾತ್ರ. ಉಸಿರು ಹರಿಯುವ ಮುನ್ನ ತನ್ನ ಗೆರೆಗೆ ಹಿಂದಿರುಗಿ ಬರುವುದೇ ಆಟದ ಪ್ರಾಣ. ಅಭಿಮನ್ಯು ಹೊಕ್ಕನು, ಹಿಂದಿರುಗಲಿಲ್ಲ. ಹೊರಬರುವ ಬಗೆಯೇ ತಿಳಿಯದ ವೀರನನ್ನು, ಹೊರಬರುವುದೇ ಸರ್ವಸ್ವವಾದ ಆಟಕ್ಕೆ ಮೂಲಪುರುಷನನ್ನಾಗಿ ಮಾಡುವುದು ಆ ವೀರನಿಗೂ ನ್ಯಾಯವಲ್ಲ, ಆಟಕ್ಕೂ ನ್ಯಾಯವಲ್ಲ. ವ್ಯಾಸಭಾರತದ ಆ ಪ್ರಸಂಗದಲ್ಲಿ ಮಕ್ಕಳ ಆಟದ ಮಾತಿಲ್ಲ. ಕಥೆಯಿಂದ ಆಟಕ್ಕೆ ಹೋಲಿಕೆ ಸಿಕ್ಕೀತು, ಚರಿತ್ರೆ ಸಿಕ್ಕದು.

ಇದಕ್ಕೆ ಎದುರಾಗಿ ಇನ್ನೊಂದು ಪಕ್ಷವಿದೆ. ದೈಹಿಕ ಶಿಕ್ಷಣದ ಕೈಪಿಡಿಗಳನ್ನು ಓದಿದವರ ಪಕ್ಷವದು. ಅವರು ಪುರಾಣವನ್ನು ನಂಬುವುದಿಲ್ಲ, ಇಸವಿಯನ್ನು ನಂಬುತ್ತಾರೆ. 1921ರಲ್ಲಿ ಮಹಾರಾಷ್ಟ್ರದಲ್ಲಿ ಆಟದ ನಿಯಮಗಳಿಗೆ ಒಂದು ಕಟ್ಟು ಬಂದಿತು. 1923ರಲ್ಲಿ ಸಮಿತಿಯೊಂದು ಅವನ್ನು ತಿದ್ದಿ, ಬಡೋದೆಯಲ್ಲಿ ನಡೆದ ಅಖಿಲ ಭಾರತ ಪಂದ್ಯಾವಳಿಯಲ್ಲಿ ಬಳಕೆಗೆ ತಂದಿತು. ಆಟದ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ ಎಂದು ಅವರ ನಿರ್ಣಯ. ಈ ಇಸವಿಗಳ ಮೇಲೆ ನನ್ನ ತಕರಾರಿಲ್ಲ. ಆದರೆ ನಿಯಮ ಬರೆದ ದಿನವನ್ನೇ ಆಟ ಹುಟ್ಟಿದ ದಿನವೆಂದು ಎಣಿಸಿದರೆ, ಅದಕ್ಕೆ ಮೊದಲು ಆಡಿದವರೆಲ್ಲ ಏನನ್ನು ಆಡುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ವ್ಯಾಕರಣ ಬರೆದ ಮೇಲೆಯೇ ಜನ ಮಾತನಾಡತೊಡಗಿದರು ಎಂದಂತಾದೀತು ಅದು.

ಮೊದಲ ಪಕ್ಷ ಆಟವನ್ನು ದೇವಮಾನವರಿಗೆ ಒಪ್ಪಿಸುತ್ತದೆ. ಎರಡನೆಯದು ಸಮಿತಿಗೆ ಒಪ್ಪಿಸುತ್ತದೆ. ಎರಡರಲ್ಲಿಯೂ ಎರೆ ಹೊಲದ ಅಂಚಿನಲ್ಲಿ, ಅಗಸಿಯ ಮುಂದೆ, ಸುಗ್ಗಿ ಮುಗಿದ ಕಣದಲ್ಲಿ ಈ ಆಟವನ್ನು ಬಾಳಿಸಿಕೊಂಡು ಬಂದ ಒಕ್ಕಲು ಮಕ್ಕಳಿಗೆ ಜಾಗವಿಲ್ಲ. ಈ ಲೇಖನ ಅವರ ಪರವಾಗಿ ಒಂದೆರಡು ಮಾತು ಹೇಳುವ ಪ್ರಯತ್ನ.

ನಿಯಮಗಳು ಹೇಗೆ ಬಂದವೆಂಬುದನ್ನು ಮೊದಲು ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುಣೆ, ಬಡೋದೆ ಮೊದಲಾದ ಪಟ್ಟಣಗಳ ವ್ಯಾಯಾಮಪ್ರೇಮಿಗಳಿಗೆ ಒಂದು ಕೊರಗಿತ್ತು. ಕ್ರಿಕೆಟ್ಟಿಗೆ ಪುಸ್ತಕವುಂಟು, ಕಾಲ್ಚೆಂಡಿಗೆ ಪುಸ್ತಕವುಂಟು. ನಮ್ಮ ಆಟಗಳಿಗೆ ಮಾತ್ರ ಊರಿಗೊಂದು ಪದ್ಧತಿ. ಎರಡು ಊರಿನ ಹುಡುಗರು ಕೂಡಿ ಆಡಬೇಕಾದರೆ ಆಟಕ್ಕಿಂತ ಜಗಳವೇ ಹೆಚ್ಚು. ಈ ಕೊರಗಿನಿಂದಲೇ 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದವರು ಖೋ-ಖೋ ಆಟಕ್ಕೆ ನಿಯಮಗಳನ್ನು ಬರೆದರು. ಅದರ ಬೆನ್ನಿಗೇ ಹುತುತುವಿನ ಸರದಿ ಬಂದಿತು. ಆಗ ರೂಢಿಯಲ್ಲಿದ್ದ ಪದ್ಧತಿಗಳು ಮುಖ್ಯವಾಗಿ ಮೂರು. ಎದುರಾಳಿಯೊಬ್ಬ ಸತ್ತರೆ ನಮ್ಮ ಕಡೆಯ ಸತ್ತವನೊಬ್ಬ ಮರಳಿ ಎದ್ದು ಬರುವುದು ಸಂಜೀವನಿ. ಸತ್ತವರು ಸತ್ತೇ ಇದ್ದು, ಒಂದು ಪಕ್ಷ ಪೂರ್ಣ ಬರಿದಾಗುವವರೆಗೆ ಆಟ ಸಾಗುವುದು ಗಾಮಿನಿ. ಯಾರೂ ಹೊರಗೆ ಹೋಗದೆ ಅಂಕವನ್ನಷ್ಟೇ ಎಣಿಸುತ್ತ ಹೋಗುವುದು ಅಮರ. ಸಮಿತಿಗಳು ಈ ಪದ್ಧತಿಗಳನ್ನು ತೂಗಿ ನೋಡಿ, ಸಂಜೀವನಿಯನ್ನು ಮುಖ್ಯವಾಗಿ ಹಿಡಿದು, ಒಂದು ಪಕ್ಷಕ್ಕೆ ಇಷ್ಟೇ ಜನ, ಅಂಗಳ ಇಷ್ಟೇ ಉದ್ದ, ಆಟ ಇಷ್ಟೇ ಹೊತ್ತು ಎಂದು ಗೊತ್ತುಮಾಡಿದವು.

ಮುಂದಿನ ಕಥೆ ಎಲ್ಲರೂ ಬಲ್ಲದ್ದು. 1936ರಲ್ಲಿ ಬರ್ಲಿನ್ ನಗರದಲ್ಲಿ ಒಲಿಂಪಿಕ್ ಕೂಟ ನಡೆದಾಗ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಅಲ್ಲಿಗೆ ಹೋಗಿ ಈ ಆಟವನ್ನು ಆಡಿ ತೋರಿಸಿದರು. 1938ರಲ್ಲಿ ಕಲಕತ್ತೆಯ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಹುಟ್ಟಿತು; 1952ರಲ್ಲಿ ಮದರಾಸಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 1990ರಲ್ಲಿ ಬೀಜಿಂಗಿನ ಏಷ್ಯನ್ ಕೂಟದಲ್ಲಿ ಅದು ಪದಕದ ಆಟವಾಯಿತು, ಭಾರತ ಚಿನ್ನ ಗೆದ್ದಿತು. ಮುಂಬಯಿ ಪ್ರಾಂತದ ಹುತುತು, ತೆಂಕಣದ ಚೆಡುಗುಡು, ಬಂಗಾಳದ ಹಾಡುಡು ಇವೆಲ್ಲ ಒಂದೇ ಹೆಸರಿನ ಕೆಳಗೆ ಬಂದವು. ನೆರೆಯ ಬಾಂಗ್ಲಾದೇಶ ಸ್ವತಂತ್ರವಾದ ಮೇಲೆ ಇದನ್ನೇ ತನ್ನ ರಾಷ್ಟ್ರೀಯ ಕ್ರೀಡೆಯೆಂದು ಕರೆದುಕೊಂಡಿತು.

ರೋಣ ತಾಲೂಕಿಗೆ ಈ ಮುದ್ರಿತ ನಿಯಮಗಳು ಬರಲು ದಾರಿ ಸುಗಮವಾಗಿಯೇ ಇತ್ತು. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತದಲ್ಲಿದ್ದಿತು. ನಮ್ಮ ಶಾಲೆಗಳ ವಿದ್ಯಾ ಇಲಾಖೆ ಮುಂಬಯಿಯದು, ವ್ಯಾಯಾಮದ ಮಾದರಿಗಳೂ ಆ ಕಡೆಯವೇ. ಅಟ್ಯಾ-ಪಟ್ಯಾ, ಖೋ-ಖೋ ಎಂಬ ಹೆಸರುಗಳು ನಮ್ಮ ನಾಲಗೆಗೆ ಮನೆಯ ಮಾತಿನಂತೆ ಒಗ್ಗಿರುವುದೇ ಆ ನಂಟಿನ ಗುರುತು. ಹಳೆಯ ಮೈಸೂರಿನ ಹುಡುಗ ಚೆಡುಗುಡು ಎನ್ನುತ್ತಿದ್ದಾಗ ನಮ್ಮ ಹುಡುಗ ಹುತುತು ಎನ್ನುತ್ತಿದ್ದನು. ಆಡಳಿತದ ಗಡಿಗಳು ಆಟದ ಹೆಸರಿನ ಮೇಲೂ ತಮ್ಮ ನೆರಳನ್ನು ಚೆಲ್ಲುತ್ತವೆ.

ಆದರೆ ಪುಸ್ತಕ ಬರುವ ಮೊದಲು ಊರಿನ ಆಟಕ್ಕೆ ನಿಯಮವಿರಲಿಲ್ಲವೇ? ಇದ್ದಿತು, ಧಾರಾಳವಾಗಿ ಇದ್ದಿತು. ಬೂದಿಯಿಂದಲೋ ಕಾಲ ಹಿಮ್ಮಡಿಯಿಂದಲೋ ಎಳೆದದ್ದೇ ನಡುಗೆರೆ. ಏಳೇ ಜನವೆಂಬ ಕಟ್ಟಳೆಯಿಲ್ಲ. ಬಂದ ಹುಡುಗರನ್ನೆಲ್ಲ ಸಮನಾಗಿ ಹಂಚಿಕೊಳ್ಳುವುದು, ಒಬ್ಬ ಹೆಚ್ಚಾದರೆ ಚಿಕ್ಕವನನ್ನು ಎರಡೂ ಕಡೆಗೆ ಸಲ್ಲುವವನನ್ನಾಗಿ ಮಾಡುವುದು. ಮಳೆ ಬಿದ್ದ ಮೇಲೆ ಎರೆಮಣ್ಣು ಕಾಲಿಗೆ ಅಂಟುವುದರಿಂದ ಆಟ ಗುಡಿಯ ಬಯಲಿಗೋ ಹಳ್ಳದ ಉಸುಕಿಗೋ ಸರಿಯುವುದು. ದಮ್ಮು ಹಿಡಿದು ಹೋದವನು ಹುತುತು ಎಂದೇ ಕೂಗಬೇಕೆಂದಿಲ್ಲ. ಪ್ರಾಸ ಕೂಡಿಸಿದ ಒಂದೆರಡು ಸಾಲನ್ನು ಹಾಡಿಕೊಂಡು ಹೋದರೂ ನಡೆಯುವುದು, ನಡುವೆ ಉಸಿರು ಕಡಿಯಬಾರದು ಅಷ್ಟೆ. ತಂಟೆ ಬಂದಾಗ ಕಟ್ಟೆಯ ಮೇಲೆ ಕುಳಿತ ಹಿರಿಯರೇ ಪಂಚರು.

"ಕಾಕಾ, ನೀವ ಹೇಳ್ರಿ, ನಾ ದಮ್ ಬಿಟ್ಟೇನೇನ್ರಿ?"

"ಇಲ್ಲೋ ತಮ್ಮಾ, ಗೆರಿಮಟಾ ನಿನ್ನ ದಮ್ ಇತ್ತು, ನಾ ಕೇಳೇನಿ. ಆಡ್ರಿ ಇನ್ನ."

ಆ ಮಾತಿನ ಮೇಲೆ ಮೇಲ್ಮನವಿಯಿರಲಿಲ್ಲ. ಬರೆಯದ ನಿಯಮವನ್ನು ಜನ ಪಾಲಿಸುತ್ತಿದ್ದುದು, ಅದನ್ನು ಹೇಳಿದವರ ಮೇಲಿನ ವಿಶ್ವಾಸದಿಂದ. ಹೀಗಿರುವಲ್ಲಿ, ಪುಣೆ ಬಡೋದೆಗಳ ಸಮಿತಿ ನಿಯಮಗಳನ್ನು ನಿರ್ಮಿಸಿತು ಎನ್ನುವುದಕ್ಕಿಂತ, ಇಂಥ ನೂರಾರು ಕಟ್ಟೆಗಳ ತೀರ್ಪುಗಳಿಂದ ಕೆಲವನ್ನು ಆರಿಸಿ ಅಚ್ಚು ಹಾಕಿಸಿತು ಎನ್ನುವುದೇ ಸತ್ಯಕ್ಕೆ ಹತ್ತಿರ.

ಇದು ನಮ್ಮೊಬ್ಬರ ತೊಡಕಲ್ಲ. ಇದೇ ತೊಡಕು ದೂರದ ಆಸ್ಟ್ರೇಲಿಯದಲ್ಲಿಯೂ ಉಂಟು, ಅಲ್ಲಿ ಅದು ಹೆಚ್ಚು ನೋವಿನದು. ಅಲ್ಲಿಗೆ ಹೋಗಲು ನಮ್ಮ ನೆರೆಯ ನರಗುಂದದಿಂದಲೇ ಹೊರಡಬಹುದು. ದತ್ತಕದ ಹಕ್ಕನ್ನು ಕುಂಪಣಿ ಸರಕಾರ ನಿರಾಕರಿಸಿದುದರಿಂದಲೂ ಜನರ ಆಯುಧಗಳನ್ನು ಕಿತ್ತುಕೊಳ್ಳಹೊರಟುದರಿಂದಲೂ ಕೆರಳಿದ ನರಗುಂದದ ಬಾಬಾಸಾಹೇಬರು 1858ರ ಮೇ ತಿಂಗಳ ಕೊನೆಯಲ್ಲಿ ಬಂಡೆದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಅದಾಗಿ ಒಂದು ತಿಂಗಳು ತುಂಬುವುದರೊಳಗೆ, ಜುಲೈ 10ರಂದು, ಅದೇ ಸಾಮ್ರಾಜ್ಯದ ಮತ್ತೊಂದು ಮೂಲೆಯಾದ ಮೆಲ್ಬರ್ನ್ ಪಟ್ಟಣದ ಪತ್ರಿಕೆಯೊಂದರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನ ಪತ್ರ ಪ್ರಕಟವಾಯಿತು. ಚಳಿಗಾಲದಲ್ಲಿ ಕ್ರಿಕೆಟ್ಟಿಗರ ಮೈ ಜಡವಾಗದಂತೆ ಕಾಲ್ಚೆಂಡಿನ ಸಂಘವೊಂದನ್ನು ಕಟ್ಟಿ, ನಿಯಮಗಳನ್ನು ಬರೆಯಲು ಸಮಿತಿಯೊಂದನ್ನು ನೇಮಿಸೋಣ. ಅದಾಗದಿದ್ದರೆ ಬಂದೂಕಿನ ಸಂಘವನ್ನಾದರೂ ಕಟ್ಟೋಣ ಎಂದು ಅವನ ಸೂಚನೆ. ಒಂದೆಡೆ ಬಂದೂಕು ಕಸಿಯುವ ರಾಜ್ಯ, ಇನ್ನೊಂದೆಡೆ ವಿನೋದಕ್ಕಾಗಿ ಬಂದೂಕು ಹಿಡಿಯಬಲ್ಲ ವಸಾಹತಿನವರು. ಎರಡು ಘಟನೆಗಳಿಗೆ ನೇರ ಸಂಬಂಧವೇನೂ ಇಲ್ಲ. ಆದರೆ ಯಾರ ಆಟ ಪುಸ್ತಕಕ್ಕೆ ಏರುತ್ತದೆ, ಯಾರದು ಏರುವುದಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಆ ಪತ್ರದ ಫಲವಾಗಿ 1859ರ ಮೇ 17ರಂದು ವಿಲ್ಸನೂ ಅವನ ಗೆಳೆಯರೂ ಮೆಲ್ಬರ್ನಿನಲ್ಲಿ ಕುಳಿತು ಹತ್ತು ನಿಯಮಗಳನ್ನು ಬರೆದರು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್ ಹುಟ್ಟಿದುದು 1863ರಲ್ಲಿ. ಅಂದರೆ ಆಸ್ಟ್ರೇಲಿಯದವರ ನಿಯಮಾವಳಿ ಅದಕ್ಕಿಂತ ನಾಲ್ಕು ವರ್ಷ ಹಿರಿದು. ಚೆಂಡನ್ನು ಕಾಲಿನಿಂದ ಒದೆಯುವ, ಕೈಯಿಂದ ಗುದ್ದುವ, ಎತ್ತರಕ್ಕೆ ಹಾರಿ ಹಿಡಿಯುವ ಆ ಆಟ ಇಂದಿಗೂ ಆ ದೇಶದವರ ಅಭಿಮಾನದ ಆಟ. ಅದರ ಮೂಲ ಯಾವುದು? ವಿಲ್ಸ್ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿದವನು, ಅಲ್ಲಿಯ ಕಾಲ್ಚೆಂಡಿನಿಂದಲೇ ಇದು ಬಂದಿತು ಎಂದು ಒಂದು ಪಕ್ಷ. ಅವನು ಬಾಲ್ಯವನ್ನು ಕಳೆದುದು ಮೂಲನಿವಾಸಿಗಳಾದ ಜಾಬ್ ವುರ್ರುಂಗ್ ಜನರ ನಾಡಿನಲ್ಲಿ, ಅವರ ಮಕ್ಕಳೊಡನೆ. ಆ ಭಾಗದ ಜನ ತೊಗಲಿನ ಚೆಂಡನ್ನು ಮೇಲಕ್ಕೆ ಒದ್ದು ಹಾರಿ ಹಿಡಿಯುವ ಮಾರ್ನ್‌ಗ್ರೂಕ್ ಎಂಬ ಆಟವನ್ನು ಆಡುತ್ತಿದ್ದರು. ಇದು ಅದರಿಂದಲೇ ಬಂದಿತು ಎಂದು ಇನ್ನೊಂದು ಪಕ್ಷ. 1857ರಲ್ಲಿ ಮರ್ರೆ ನದಿಯ ಸೀಮೆಯಲ್ಲಿ ಸಂಚರಿಸಿದ ಬ್ಲಾಂಡೋವ್ಸ್ಕಿ ಎಂಬವನ ತಂಡ ಮಾಡಿಸಿದ ಚಿತ್ರವೊಂದರಲ್ಲಿ ಮೂಲನಿವಾಸಿಗಳ ಮಕ್ಕಳು ಚೆಂಡನ್ನು ಒದೆಯುತ್ತಿರುವುದು ಕಾಣುತ್ತದೆ. ಆದರೆ ವಿಲ್ಸ್ ತನ್ನ ಬರಹದಲ್ಲಿ ಎಲ್ಲಿಯೂ ಆ ಆಟದ ಋಣವನ್ನು ಹೇಳಿಲ್ಲ.

ಕಾಗದದಲ್ಲಿ ಇಲ್ಲದಿದ್ದುದರಿಂದ ಋಣವೇ ಇಲ್ಲವೆಂದು ಅಲ್ಲಿಯ ಇತಿಹಾಸಕಾರರಲ್ಲಿ ಅನೇಕರು ಬಹುಕಾಲ ವಾದಿಸಿದರು. ಕಾಗದ ಬರೆಯುವ ಅಧಿಕಾರವೆಲ್ಲ ಒಂದೇ ಕಡೆಯವರ ಕೈಯಲ್ಲಿದ್ದಾಗ, ಇನ್ನೊಂದು ಕಡೆಯವರಿಗೆ ಕಾಗದದ ಸಾಕ್ಷ್ಯ ಎಲ್ಲಿಂದ ಬರಬೇಕು ಎಂದು ಮೂಲನಿವಾಸಿಗಳು ಕೇಳಿದರು. ಕೊನೆಗೆ 2019ರಲ್ಲಿ ಆ ಆಟವನ್ನು ನಡೆಸುವ ಸಂಸ್ಥೆ, ಮೂಲನಿವಾಸಿಗಳ ಆಟಗಳ ಪ್ರಭಾವ ತಮ್ಮ ಆಟದ ಮೇಲಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಒಪ್ಪಿಗೆ ಬರಲು ನೂರ ಅರವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಆ ಹಳೆಯ ಆಟವನ್ನು ಅದರ ಪೂರ್ಣ ರೂಪದಲ್ಲಿ ಬಲ್ಲವರು ಯಾರೂ ಉಳಿದಿರಲಿಲ್ಲ. ಋಣವನ್ನು ಒಪ್ಪಿಕೊಳ್ಳುವ ಹೊತ್ತಿಗೆ ಸಾಲಕೊಟ್ಟವನ ಮನೆ ಪಾಳುಬಿದ್ದಿತ್ತು.

ಐರ್ಲೆಂಡಿನ ಕಥೆ ಬೇರೆ ಬಗೆಯದು. 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಶನ್ ಎಂಬ ಸಂಸ್ಥೆಯನ್ನು ಕಟ್ಟಿದವರು, ಇಂಗ್ಲಿಷರ ಆಟಗಳು ತಮ್ಮ ಹಳ್ಳಿಯ ಆಟಗಳನ್ನು ನುಂಗುವ ಮೊದಲೇ ಅವಕ್ಕೆ ನಿಯಮ ಬರೆಯಬೇಕೆಂದು ನಿಶ್ಚಯಿಸಿದರು. ಮರುವರ್ಷವೇ ಅವರ ಕಾಲ್ಚೆಂಡಿಗೆ ಸ್ವಂತ ನಿಯಮಾವಳಿ ಸಿದ್ಧವಾಯಿತು. ಆಡಿದವರ ಜನವೇ ಬರೆಯುವ ಜನವೂ ಆದುದು ಅಲ್ಲಿಯ ವಿಶೇಷ. ಪುಣೆ ಬಡೋದೆಗಳ ಪ್ರಯತ್ನ ಮೆಲ್ಬರ್ನಿನದಕ್ಕಿಂತ ಈ ಐರಿಷರ ಪ್ರಯತ್ನಕ್ಕೆ ಹೆಚ್ಚು ಹತ್ತಿರ. ಆದುದರಿಂದ ನಮ್ಮ ನಿಯಮಕಾರರನ್ನು ಆಟದ ಕಳ್ಳರೆಂದು ಜರೆಯುವುದು ಕೃತಘ್ನತೆಯಾದೀತು. ಅವರು ಪರರಲ್ಲ, ನಮ್ಮವರೇ. ಅವರು ಬರೆಯದಿದ್ದರೆ ಹುತುತು ಹಳ್ಳಿಯ ಗಡಿ ದಾಟುತ್ತಿರಲಿಲ್ಲ.

ಬರೆದುದರಿಂದ ಏನು ಲಾಭವಾಯಿತೆಂದು ಕೇಳಿದರೆ ಎರಡು ಉದಾಹರಣೆ ಸಾಕು. 2018ರಲ್ಲಿ ಜಕಾರ್ತಾದ ಏಷ್ಯನ್ ಕೂಟದಲ್ಲಿ ಇರಾನಿನ ಪುರುಷರೂ ಸ್ತ್ರೀಯರೂ ಭಾರತವನ್ನು ಸೋಲಿಸಿ ಚಿನ್ನ ಗೆದ್ದರು. ಆ ಸ್ತ್ರೀಯರ ತಂಡಕ್ಕೆ ಪಾಠ ಹೇಳಿದವರು ಮಹಾರಾಷ್ಟ್ರದ ಶೈಲಜಾ ಜೈನ್. ಸೋತೆವಲ್ಲಾ ಎಂದು ಹಲವರು ಅತ್ತರು. ನನಗೆ ಅದು ಹೆಮ್ಮೆಯ ದಿನವೆನಿಸಿತು. ನಮ್ಮಲ್ಲಿ ಕಲಿತ ಆಟದಲ್ಲಿ ನಮ್ಮನ್ನೇ ಸೋಲಿಸುವವರು ಹುಟ್ಟಿದಾಗಲೇ ಅದು ಜಗತ್ತಿನ ಆಟವಾದಂತೆ. ಎರಡನೆಯದು, ಹೆಣ್ಣುಮಕ್ಕಳ ಮಾತು. ಹಳ್ಳಿಯ ಕಟ್ಟೆಯ ಮುಂದಿನ ಹುತುತುವಿನಲ್ಲಿ ದೊಡ್ಡ ಹುಡುಗಿಯರಿಗೆ ಜಾಗವಿರಲಿಲ್ಲ. ನೋಡುವುದಕ್ಕೂ ಅವರು ದೂರವೇ ನಿಲ್ಲಬೇಕಾಗಿತ್ತು. ಮುದ್ರಿತ ನಿಯಮ, ನಿಯತ ಅಂಗಳ, ನೇಮಿತ ತೀರ್ಪುಗಾರ ಇವು ಬಂದ ಮೇಲೆ ಶಾಲೆಯ ಮೂಲಕ ಅವರಿಗೆ ಬಾಗಿಲು ತೆರೆಯಿತು. ಕಾರ್ಕಳದ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ ಏಷ್ಯನ್ ಕೂಟದ ಚಿನ್ನವನ್ನೂ ಅರ್ಜುನ ಪ್ರಶಸ್ತಿಯನ್ನೂ ಪಡೆದುದು ಆ ಬಾಗಿಲಿನಿಂದ ಹೋಗಿಯೇ. ಊರ ಪದ್ಧತಿಯನ್ನು ಹೊಗಳುವ ಭರದಲ್ಲಿ ಈ ಸಂಗತಿಯನ್ನು ಮರೆತರೆ ನಾವು ಪ್ರಾಮಾಣಿಕರಲ್ಲ.

ಆದರೆ ಕಳೆದುಕೊಂಡುದೂ ಇದೆ. ಗಾಮಿನಿ, ಅಮರ ಪದ್ಧತಿಗಳು ಇಂದಿನ ಹುಡುಗರಿಗೆ ಹೆಸರಾಗಿಯೂ ಉಳಿದಿಲ್ಲ. ದಮ್ಮಿನ ಹಾಡುಗಳು ಹೋದವು. ಅವು ದೊಡ್ಡ ಕಾವ್ಯವೇನಲ್ಲ, ಮಕ್ಕಳು ಕಟ್ಟಿದ ಅಡ್ಡಾದಿಡ್ಡಿ ಪ್ರಾಸ; ಆದರೂ ಒಂದೇ ಉಸಿರಿನಲ್ಲಿ ಹಾಡಿ ಮುಗಿಸುವಂತೆ ಅಳೆದು ಕಟ್ಟಿದ ಕನ್ನಡವದು. ಅವುಗಳ ಬದಲಿಗೆ ಒಂದೇ ಶಬ್ದ ನಿಂತಿತು, ಈಗ ಅದೂ ಕ್ಷೀಣಿಸುತ್ತಿದೆ. ಒಂದು ದಾಳಿಗೆ ಮೂವತ್ತು ಸೆಕೆಂಡೆಂದು ಗಡಿಯಾರ ಹೇಳುವಾಗ ಉಸಿರಿನ ಲೆಕ್ಕವನ್ನು ಯಾರು ಕೇಳುತ್ತಾರೆ? 2014ರಲ್ಲಿ ಮೊದಲಾದ ಪ್ರೊ ಕಬಡ್ಡಿ ಲೀಗಿನ ಆಟವನ್ನು ದೂರದರ್ಶನದಲ್ಲಿ ನೋಡುವ ಮಕ್ಕಳಿಗೆ, ಆಟಗಾರನ ತುಟಿ ಅಲುಗುವುದು ಏಕೆಂದೇ ತಿಳಿಯದು. ಉಸಿರು ಹಿಡಿಯುವ ಆಟ ಹೊತ್ತು ಹಿಡಿಯುವ ಆಟವಾಯಿತು.

ನಿಯಮ ಬರೆಯುವ ಕೈ ಬದಲಾದಾಗ ಏನಾಗುತ್ತದೆಂಬುದಕ್ಕೆ 2023ರ ಅಕ್ಟೋಬರ್ 7ರಂದು ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕೂಟದ ಅಂತಿಮ ಪಂದ್ಯವೇ ಸಾಕ್ಷಿ. ಭಾರತಕ್ಕೂ ಇರಾನಿಗೂ 28–28ರ ಸಮಬಲ; ಆಟ ಮುಗಿಯಲು ಒಂದು ನಿಮಿಷವಷ್ಟೇ ಉಳಿದಿತ್ತು. ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಚಿನ ಪಟ್ಟಿಗೆ ಕಾಲಿಟ್ಟರು. ಎದುರಾಳಿಗಳು ಬೆನ್ನಟ್ಟಿ ಅದೇ ಪಟ್ಟಿಗೆ ಬಂದರು. ಈಗ ಸತ್ತವರು ಯಾರು? ಹಳೆಯ ನಿಯಮ ಒಂದು ಹೇಳುತ್ತದೆ, ಲೀಗಿನಿಂದ ಬಂದ ಹೊಸ ನಿಯಮ ಮತ್ತೊಂದು ಹೇಳುತ್ತದೆ. ತೀರ್ಪುಗಾರರು ಒಮ್ಮೆ ಹೀಗೆ, ಒಮ್ಮೆ ಹಾಗೆ ಎಂದರು. ಎರಡೂ ತಂಡದವರು ಅಂಗಳದಲ್ಲಿಯೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಹಳೆಯ ನಿಯಮವನ್ನು ಹಿಡಿದು ತೀರ್ಪಾಗಿ, ಭಾರತ 33–29ರಿಂದ ಗೆದ್ದಿತು. ನಿಯಮಾವಳಿ ಅಚ್ಚಾಗಿ ನೂರು ವರ್ಷವಾದ ಮೇಲೂ, ಚಿನ್ನದ ಪದಕ ಎದುರಿಗಿರುವಾಗಲೂ, ನಿಯಮ ಯಾವುದೆಂದು ಗೊತ್ತಿರಲಿಲ್ಲ! ನಮ್ಮ ಕಟ್ಟೆಯ ಕಾಕಾ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಅವರ ತೀರ್ಪಿನ ಹಿಂದೆ ಎಲ್ಲರೂ ಬಲ್ಲ ಒಂದು ರೂಢಿಯಿತ್ತು. ಇಲ್ಲಿ ಎರಡು ಪುಸ್ತಕಗಳಿದ್ದವು, ರೂಢಿಯಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಏನು ಮಾಡಬೇಕೆಂದು ಹೇಳದಿದ್ದರೆ ಇದು ಬರಿಯ ಗೊಣಗಾಟವಾದೀತು. ಹಳೆಯ ಹುತುತುವನ್ನು ಮರಳಿ ತರಬೇಕೆಂದು ನಾನು ಹೇಳುವುದಿಲ್ಲ, ಬಾರದು. ಲೀಗನ್ನು ನಿಲ್ಲಿಸಬೇಕೆಂದೂ ಹೇಳುವುದಿಲ್ಲ. ಅದರಿಂದ ನೂರಾರು ಬಡಮಕ್ಕಳಿಗೆ ಅನ್ನ ಸಿಕ್ಕಿದೆ. ನಾನು ಕೇಳುವುದು ಇಷ್ಟೆ: ಬರೆದಿಡೋಣ.

ಬರೆದಿಡುವುದರ ಬೆಲೆ ಏನೆಂಬುದನ್ನು ನಮ್ಮ ಸೀಮೆಯ ಚರಿತ್ರೆಯೇ ಕಲಿಸಿದೆ. ನರಗುಂದದ ಬಂಡಾಯಕ್ಕಿಂತ ಕೆಲವು ತಿಂಗಳು ಮೊದಲು, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಕುಂಪಣಿಯ ಮೇಲೆ ತಿರುಗಿಬಿದ್ದರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಜನ ಹಾಡುತ್ತಿದ್ದರು. ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಅದನ್ನು ಕೇಳಿ ಬರೆಯಿಸಿಕೊಂಡು, ಇತರ ಲಾವಣಿಗಳೊಡನೆ ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದನು. ಬಂಡಾಯವನ್ನು ಅಡಗಿಸಿದ ಸರಕಾರದ ನೌಕರನೇ ಬಂಡಾಯದ ಹಾಡನ್ನು ಉಳಿಸಿದನು. ಅವನು ಹಾಡಿನ ಕರ್ತೃವಲ್ಲ. ಅವನಿಲ್ಲದೆಯೂ ಹಾಡು ಹುಟ್ಟಿತ್ತು. ಆದರೆ ಇಂದು ನಮ್ಮ ವಿದ್ಯಾರ್ಥಿಗಳು ಅದನ್ನು ಓದುತ್ತಿರುವುದಕ್ಕೆ ಅವನ ಲೇಖನಿಯ ಋಣವುಂಟು. ಕರ್ತೃತ್ವ ಬೇರೆ, ಲೇಖನ ಬೇರೆ. ಎರಡನ್ನೂ ಗೌರವಿಸುವುದು ಸಾಧ್ಯ. ಆಟಗಳ ವಿಷಯದಲ್ಲಿ ನಮಗೆ ಬೇಕಾದುದೂ ಇದೇ ವಿವೇಕ.

ಅರಸರ ವಿನೋದಗಳಿಗೆ ಹಿಂದಿನಿಂದಲೂ ಲೇಖಕರು ಸಿಕ್ಕಿದ್ದಾರೆ. ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಕಾಳಗ, ಕೋಳಿಯ ಕಾಳಗ, ಟಗರಿನ ಕಾಳಗಗಳನ್ನು ಕುರಿತು ವಿಸ್ತಾರವಾಗಿ ಬರೆಯಿಸಿದನು. ನಮ್ಮ ಸೀಮೆಯ ಸೂಡಿ, ನರೇಗಲ್ಲುಗಳ ಶಾಸನಗಳಲ್ಲಿ ದಾನದತ್ತಿಗಳ ಲೆಕ್ಕವಿದೆ. ದನ ಕಾಯುವ ಹುಡುಗರ ಆಟಕ್ಕೆ ಕಲ್ಲು ಕೊಡಿಸುವವರು ಯಾರು? ಅವರ ಶಾಸನ ಅವರ ಮೈಮೇಲಿನ ಗಾಯದ ಕಲೆ, ಅವರ ನೆನಪು. ಅದನ್ನು ಓದಬೇಕಾದರೆ ಅವರು ಬದುಕಿರುವಾಗಲೇ ಓದಬೇಕು.

ರೋಣ, ನರಗುಂದ, ಗಜೇಂದ್ರಗಡಗಳ ಹಳ್ಳಿಗಳಲ್ಲಿ ಇನ್ನೂ ಎಂಬತ್ತು ದಾಟಿದ ಹಿರಿಯರಿದ್ದಾರೆ. ಶಾಲೆಯ ಮಾಸ್ತರರು ತಮ್ಮ ವಿದ್ಯಾರ್ಥಿಗಳಿಗೆ ಒಂದು ರಜೆಯ ಕೆಲಸ ಹಚ್ಚಲಿ. ಅಜ್ಜಂದಿರ ಬಳಿ ಕುಳಿತು ಕೇಳಲಿ: ನಿಮ್ಮ ಕಾಲದಲ್ಲಿ ಈ ಆಟಕ್ಕೆ ಏನೆನ್ನುತ್ತಿದ್ದಿರಿ? ಎಷ್ಟು ಜನ ಆಡುತ್ತಿದ್ದಿರಿ? ಗೆರೆಯನ್ನು ಯಾವುದರಿಂದ ಎಳೆಯುತ್ತಿದ್ದಿರಿ? ಸತ್ತವನು ಏಳುವುದು ಯಾವಾಗ? ದಮ್ಮಿಗೆ ಏನನ್ನು ಹಾಡುತ್ತಿದ್ದಿರಿ? ಯಾವ ಕೇರಿಯವರನ್ನು ಆಟಕ್ಕೆ ಸೇರಿಸುತ್ತಿದ್ದಿರಿ, ಯಾರನ್ನು ಸೇರಿಸುತ್ತಿರಲಿಲ್ಲ? ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. ನಮ್ಮ ಹಳೆಯ ಬಯಲಿನಲ್ಲಿ ಎಲ್ಲರೂ ಒಂದಾಗಿ ಆಡುತ್ತಿದ್ದರೆಂದು ಸುಳ್ಳು ಚಿತ್ರ ಬರೆಯುವುದಕ್ಕಾಗಿ ಈ ಕೆಲಸವಲ್ಲ. ಅಜ್ಜಿಯರನ್ನೂ ಕೇಳಬೇಕು, ಅವರು ಆಡಿದ ಆಟಗಳು ಬೇರೆ, ಅವಕ್ಕೆ ಸಮಿತಿಯೂ ಸಿಕ್ಕಲಿಲ್ಲ, ಪುಸ್ತಕವೂ ಸಿಕ್ಕಲಿಲ್ಲ. ಇಂಥ ನೂರು ಹಳ್ಳಿಯ ನೂರು ವಹಿಗಳು ಒಂದೆಡೆ ಸೇರಿದರೆ ಆಟದ ಮೂಲವನ್ನು ಕುರಿತು ಮಾತನಾಡಲು ನಮಗೆ ನೆಲೆ ದೊರೆಯುತ್ತದೆ. ಅದು ಪುಣೆಯವರ ಪುಸ್ತಕಕ್ಕೆ ವಿರೋಧವಾಗುವುದಿಲ್ಲ. ಆ ಪುಸ್ತಕದ ಹಿಂದಿನ ಪುಟಗಳಾಗುತ್ತವೆ.

ಇದರಿಂದ ಹೊಟ್ಟೆ ತುಂಬೀತೇ ಎಂದು ಕೇಳುವವರುಂಟು. ತುಂಬದು. ಆದರೆ ತನ್ನ ಅಜ್ಜನ ಆಟವೇ ಇಂದು ಟೆಹರಾನಿನ ಹುಡುಗಿ ಆಡುವ ಆಟವೆಂದು ತಿಳಿದ ಹಳ್ಳಿಯ ಹುಡು��, ತಾನು ಜಗತ್ತಿಗೆ ಏನನ್ನೂ ಕೊಡದ ಊರಿನವನೆಂದು ತಲೆ ತಗ್ಗಿಸಲಾರ. ಅಭಿಮನ್ಯುವಿನ ಹೆಸರನ್ನು ಎರವಲು ತಂದು ಬೀಗುವ ಅಗತ್ಯವೂ ಅವನಿಗೆ ಬೀಳದು.

ಮುಂದಿನ ಬಾರಿ ಪಂದ್ಯಾವಳಿಯ ಉದ್ಘಾಟನೆಗೆ ಅತಿಥಿಗಳನ್ನು ಕರೆಯುವಾಗ ಸಂಘಟಕರು ಒಂದು ಕೆಲಸ ಮಾಡಲಿ. ಆ ಊರಿನಲ್ಲಿ ಹುತುತು ಆಡಿ ಹಣ್ಣಾದ ಒಬ್ಬ ಹಿರಿಯರನ್ನು ವೇದಿಕೆಗೆ ಕರೆತಂದು ಕೂರಿಸಲಿ. ಅವರಿಗೊಂದು ಹಾರ ಹಾಕಲಿ. ಭಾಷಣ ಬೇಡ. ಹೇಗೆ ಆಡುತ್ತಿದ್ದಿರೆಂದು ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಆಮೇಲೆ ಪಂದ್ಯ ಮೊದಲಾಗಲಿ.